ತಡವಾಗಿ ಬಂದ ಉತ್ತರವನ್ನು ಯಾರ ಕೈಗೆ ಒಪ್ಪಿಸಬೇಕು: ರಿಯಾಕ್ಟ್ ಕಾಂಪೊನೆಂಟ್‌ಗಳಲ್ಲಿ ಅಸಿಂಕ್ರನಸ್ ಸ್ಟೇಟ್‌ಗೆ ಇರುವ ದಾರಿಗಳ ಹೋಲಿಕೆ

ಹುಬ್ಬಳ್ಳಿ–ಧಾರವಾಡದ ಕಾಲೇಜುಗಳಲ್ಲಿ ಓದು ಮುಗಿಸಿ, ಇಲ್ಲಿಯ ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲಿಯೇ ಕೆಲಸಕ್ಕೆ ನಿಂತ ಹಲವರು ನನ್ನ ಬಳಿ ಒಂದೇ ಸಂದಿಗ್ಧವನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿಕೊಂಡಿದ್ದಾರೆ. ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ, ಸರ್ವರ್‌ನಿಂದ ಮಾಹಿತಿ ತಂದು ತೋರಿಸುವ ಕಾಂಪೊನೆಂಟ್ (ಪುಟದ ಒಂದು ತುಂಡು) ಬರೆಯಬೇಕಾದಾಗ ರಿಯಾಕ್ಟ್‌ನದೇ ಆದ ಯೂಸ್‌ಸ್ಟೇಟ್ ಮತ್ತು ಯೂಸ್‌ಎಫೆಕ್ಟ್ ಸಾಕೇ, ಟ್ಯಾನ್‌ಸ್ಟ್ಯಾಕ್ ಕ್ವೆರಿಯಂಥ ಲೈಬ್ರರಿಯನ್ನು ತರಬೇಕೇ, ಹಿಂದಿನವರು ಬಿಟ್ಟುಹೋದ ರೆಡಕ್ಸ್‌ನಲ್ಲಿಯೇ (ಸ್ಟೇಟ್ ಅನ್ನೆಲ್ಲ ಒಂದೇ ಕಡೆ ಇಡುವ ಲೈಬ್ರರಿ) ಮುಂದುವರಿಯಬೇಕೇ, ಅಥವಾ ರಿಯಾಕ್ಟ್ 19ರ ಹೊಸ ಹುಕ್‌ಗಳನ್ನು (ಕಾಂಪೊನೆಂಟ್ ಒಳಗೆ ಕರೆಯುವ ರಿಯಾಕ್ಟ್‌ನ ಫಂಕ್ಷನ್‌ಗಳನ್ನು) ನೆಚ್ಚಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ. ಇವೆಲ್ಲವೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳಾದ್ದರಿಂದ ಹಣದ ಲೆಕ್ಕ ಇಲ್ಲಿ ಬರುವುದಿಲ್ಲ. ಖರ್ಚಾಗುವುದು ಬರೆಯುವವರ ವೇಳೆ ಮತ್ತು ಬಳಸುವವರ ಮೊಬೈಲ್ ಡೇಟಾ.

ಈ ವಿಷಯ ನನಗೆ ಏಕೆ ಇಷ್ಟು ಮುಖ್ಯವೆನಿಸುತ್ತದೆ ಎಂಬುದನ್ನು ಒಂದು ಘಟನೆಯ ಮೂಲಕವೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಒಂದು ಅಡತಿ ಅಂಗಡಿಗೆ ಮೆಣಸಿನಕಾಯಿ ದರ ತೋರಿಸುವ ಪುಟವೊಂದನ್ನು ಬರೆದುಕೊಟ್ಟಿದ್ದೆ. ಮೇಲೆ ತಳಿ ಆರಿಸುವ ಪಟ್ಟಿ, ಅದರಲ್ಲಿ ಡಬ್ಬಿ, ಕಡ್ಡಿ, ಗುಂಟೂರು. ಕೆಳಗೆ ಕ್ವಿಂಟಲ್ ದರ. ಒಂದು ದಿನ ಗುಮಾಸ್ತರು ಮೊದಲು ಡಬ್ಬಿಯನ್ನು ಒತ್ತಿ, ತಕ್ಷಣವೇ ಕಡ್ಡಿಗೆ ಬದಲಾಯಿಸಿದರು. ಎರಡು ಕೋರಿಕೆಗಳು ಹೋದವು. ಕಡ್ಡಿಯ ಉತ್ತರ ಬೇಗ ಬಂದಿತು, ಡಬ್ಬಿಯ ಉತ್ತರ ದಾರಿಯಲ್ಲಿ ತಡೆದು ಆಮೇಲೆ ಬಂದಿತು. ಹಾಗೆ ತಡವಾಗಿ ಬಂದದ್ದು ತೆರೆಯ ಮೇಲಿದ್ದ ಅಂಕಿಯನ್ನು ಅಳಿಸಿ ತಾನು ಕುಳಿತುಕೊಂಡಿತು. ಮೇಲೆ ಕಡ್ಡಿಯೆಂಬ ಹೆಸರು, ಕೆಳಗೆ ಡಬ್ಬಿಯ ದರ. ಗಿಡ್ಡಗೆ ದುಂಡಗಿರುವ ಡಬ್ಬಿಗೆ ಉದ್ದನೆಯ ಸಪೂರ ಕಡ್ಡಿಗಿಂತ ಸಾಮಾನ್ಯವಾಗಿ ಹೆಚ್ಚಿನ ಬೆಲೆ ಸಿಗುತ್ತದೆ. ಆ ದರವನ್ನೇ ಅವರು ಫೋನಿನಲ್ಲಿ ಒಬ್ಬ ರೈತರಿಗೆ ಹೇಳಿಬಿಟ್ಟಿದ್ದರು. ಬ್ರೌಸರ್‌ನ ಕನ್ಸೋಲ್‌ನಲ್ಲಿ ಒಂದೇ ಒಂದು ಕೆಂಪು ಸಾಲು ಇರಲಿಲ್ಲ. ಪ್ರೋಗ್ರಾಮ್ ತನಗೆ ಹೇಳಿದ್ದನ್ನೆಲ್ಲ ಸರಿಯಾಗಿ ಮಾಡಿತ್ತು. ಯಾವ ಉತ್ತರ ಯಾವ ಪ್ರಶ್ನೆಯದು ಎಂಬುದನ್ನು ನಾನು ಅದಕ್ಕೆ ಹೇಳಿರಲಿಲ್ಲ.

ಮೊದಲು ಅಳತೆಗೋಲುಗಳು

ಆದ್ದರಿಂದ ಯಾವ ಸಾಧನವನ್ನೇ ತೂಗುವಾಗಲೂ ನಾನು ಮೊದಲು ಕೇಳುವುದು ಕ್ರಮದ ಪ್ರಶ್ನೆ: ಹಿಂದೆ ಕೇಳಿದ್ದರ ಉತ್ತರ ಮುಂದೆ ಬಂದರೆ ಅದು ತೆರೆಯನ್ನು ಕೆಡಿಸದಂತೆ ಈ ಸಾಧನ ತಾನಾಗಿಯೇ ತಡೆಯುತ್ತದೆಯೇ, ಅಥವಾ ತಡೆಯುವ ಹೊಣೆ ಬರೆಯುವವರ ಮೇಲೆಯೇ ಬೀಳುತ್ತದೆಯೇ? ಎರಡನೆಯದು ಒಡೆತನದ ಪ್ರಶ್ನೆ. ಪುಟದ ಮೇಲಿನ ಪೆಟ್ಟಿಗೆ ತೆರೆದಿದೆಯೇ ಮುಚ್ಚಿದೆಯೇ, ಯಾವ ತಳಿಯನ್ನು ಆರಿಸಲಾಗಿದೆ ಎಂಬುದು ಕಾಂಪೊನೆಂಟ್‌ನ ಸ್ವಂತ ಸ್ಟೇಟ್, ಅಂದರೆ ಅದು ತಾನೇ ನೆನಪಿಟ್ಟುಕೊಳ್ಳುವ ಸ್ಥಿತಿ. ಮೆಣಸಿನಕಾಯಿಯ ದರ ಸರ್ವರ್‌ನ ಸ್ವತ್ತು, ನಮ್ಮ ಬಳಿ ಇರುವುದು ಅದರ ನಕಲು, ಮತ್ತು ಆ ನಕಲು ಹಳತಾಗುತ್ತದೆ. ಇವೆರಡನ್ನೂ ಒಂದೇ ಡಬ್ಬಕ್ಕೆ ಹಾಕುವುದರಿಂದಲೇ ಅರ್ಧಕ್ಕೂ ಹೆಚ್ಚು ತೊಡಕುಗಳು ಹುಟ್ಟುತ್ತವೆ ಎಂಬುದು ನನ್ನ ಅನುಭವ. ಮೂರನೆಯದು, ಅದೇ ಮಾಹಿತಿ ಎಷ್ಟು ಕಡೆ ಬೇಕು ಎಂಬುದು. ನಾಲ್ಕನೆಯದು ಬಳಸುವವರ ನೆಟ್‌ವರ್ಕ್: ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಹೋಗುತ್ತ ಹಳೆಯ ಫೋನಿನಲ್ಲಿ ಪುಟ ತೆರೆಯುವವರಿಗೆ ಸಿಗ್ನಲ್ ಬಂದುಹೋಗುತ್ತಿರುತ್ತದೆ ಎಂದು ಎಣಿಸಿಯೇ ಬರೆಯಬೇಕು. ಕೊನೆಯದಾಗಿ, ನೀವು ಬೇರೆ ಕೆಲಸಕ್ಕೆ ಹೋದ ಮೇಲೆ ಈ ಕೋಡನ್ನು ಓದುವವರು ಯಾರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೈಯಾರೆ ಬರೆಯುವ ದಾರಿ

2019ರ ಫೆಬ್ರುವರಿಯಲ್ಲಿ ರಿಯಾಕ್ಟ್ 16.8ರೊಂದಿಗೆ ಹುಕ್‌ಗಳು ಬಂದಂದಿನಿಂದ ಹೆಚ್ಚಿನವರು ಮೊದಲು ಕಲಿಯುವುದು ಈ ದಾರಿಯನ್ನೇ: ಯೂಸ್‌ಎಫೆಕ್ಟ್ ಒಳಗೆ ಫೆಚ್ ಮಾಡಿ (ಸರ್ವರ್‌ಗೆ ಕೋರಿಕೆ ಕಳಿಸಿ), ಬಂದದ್ದನ್ನು ಯೂಸ್‌ಸ್ಟೇಟ್‌ಗೆ ತುಂಬುವುದು. ಹೊಸ ಲೈಬ್ರರಿ ಬೇಡ, ಒಂದು ಕಿಲೋಬೈಟ್ ಕೂಡ ಹೆಚ್ಚುವುದಿಲ್ಲ, ನಡೆಯುವುದೆಲ್ಲ ಕಣ್ಣೆದುರಿಗೇ ಇರುತ್ತದೆ. ಒಂದೇ ಪುಟ, ಒಂದೇ ಕೋರಿಕೆ ಇರುವ ಕೆಲಸಕ್ಕೆ ಇದನ್ನು ಬಿಟ್ಟು ಬೇರೆಯದನ್ನು ಹುಡುಕಬೇಕಾಗಿಲ್ಲ. ಆದರೆ ಕ್ರಮ ಕಾಯುವ ಹೊಣೆ ಪೂರ್ತಿಯಾಗಿ ನಿಮ್ಮದು, ಮತ್ತು ನಾನು ನೋಡುವ ಕೋಡಿನಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಅದೇ.

ಎಫೆಕ್ಟ್ ಹಿಂದಿರುಗಿಸುವ ಶುಚಿ ಫಂಕ್ಷನ್ (ಎಫೆಕ್ಟ್ ಮತ್ತೆ ಓಡುವ ಮೊದಲು ಹಳೆಯದನ್ನು ತೊಳೆಯಲು ಓಡುವ ಕ್ಲೀನಪ್) ಅದಕ್ಕೆ ಇರುವ ಜಾಗ. ಅಲ್ಲಿ ಎರಡು ಕೆಲಸ ಮಾಡಬಹುದು. ಎಫೆಕ್ಟ್ ಒಳಗೆ ಇಗ್ನೋರ್ ಎಂಬ ಗುರುತನ್ನು ಇಟ್ಟುಕೊಂಡು, ತಳಿ ಬದಲಾದ ಕೂಡಲೇ ಅದನ್ನು ನಿಜವಾಗಿಸಿ, ಉತ್ತರ ಬಂದಾಗ ಗುರುತು ನೋಡಿ ಬಿಟ್ಟುಬಿಡುವುದು ಒಂದು. ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ಕೋರಿಕೆಯನ್ನೇ ಕಡಿದುಹಾಕುವುದು ಇನ್ನೊಂದು. ಮೊದಲನೆಯದು ಯಾವ ಪ್ರಾಮಿಸ್‌ಗಾದರೂ (ಮುಂದೆ ಬರಲಿರುವ ಉತ್ತರಕ್ಕೆ ಜಾವಾಸ್ಕ್ರಿಪ್ಟ್ ಕೊಡುವ ಚೀಟಿ) ಹೊಂದುತ್ತದೆ. ಎರಡನೆಯದು ಬಳಸುವವರ ಡೇಟಾವನ್ನೂ ಉಳಿಸುತ್ತದೆ. ಎರಡನ್ನೂ ಜೊತೆಗೆ ಇಡಿ ಎಂದೇ ನನ್ನ ಸಲಹೆ, ಹೆಚ್ಚಾಗುವುದು ನಾಲ್ಕು ಸಾಲು ಮಾತ್ರ. ಕಡಿದಾಗ ಫೆಚ್ ಅಬಾರ್ಟ್‌ಎರರ್ ಎಂಬ ದೋಷವನ್ನು ಎಸೆಯುತ್ತದೆ. ನಾವೇ ಬೇಕೆಂದು ಕಡಿದಿದ್ದನ್ನು ‘ಏನೋ ತಪ್ಪಾಗಿದೆ’ ಎಂದು ಕೆಂಪಕ್ಷರದಲ್ಲಿ ತೋರಿಸದಂತೆ ಅದನ್ನು ಬೇರೆಯಾಗಿ ಹಿಡಿಯಬೇಕು. ಹಾಗೆಯೇ ಸರ್ವರ್ 404 ಅಥವಾ 500 ಎಂದು ಉತ್ತರಿಸಿದರೆ ಫೆಚ್ ಅದನ್ನು ದೋಷವೆಂದು ತಿಳಿಯುವುದಿಲ್ಲ, ಉತ್ತರದ ಓಕೆ ಗುಣವನ್ನು ನಾವೇ ನೋಡಬೇಕು.

ಒತ್ತುವಿಕೆಗಳ ನಡುವೆ ಸ್ವಲ್ಪ ಕಾಯುವ ಡಿಬೌನ್ಸ್ ಹಾಕಿದರೆ ಈ ತೊಂದರೆ ನೀಗುತ್ತದೆ ಎಂದು ಹಲವರು ನಂಬಿದ್ದಾರೆ. ಡಿಬೌನ್ಸ್ ಕೋರಿಕೆಗಳ ಸಂಖ್ಯೆಯನ್ನು ಇಳಿಸುತ್ತದೆ, ಆದರೆ ಹೊರಟುಹೋದ ಎರಡು ಕೋರಿಕೆಗಳಲ್ಲಿ ಯಾವುದು ಮೊದಲು ಮರಳಬೇಕೆಂಬುದನ್ನು ಅದು ನಿರ್ಧರಿಸಲಾರದು. ನನ್ನ ಬ್ಯಾಡಗಿಯ ಪುಟದಲ್ಲಿ ಡಿಬೌನ್ಸ್ ಇತ್ತು.

ಇದೇ ದಾರಿಯಲ್ಲಿ ಇನ್ನೆರಡು ಎಡವುಗಲ್ಲುಗಳಿವೆ. ಮೊದಲನೆಯದು, ಒಂದು ರೆಂಡರ್‌ನಲ್ಲಿ (ಕಾಂಪೊನೆಂಟನ್ನು ತೆರೆಗೆ ಬರೆಯುವ ಒಂದು ಸುತ್ತಿನಲ್ಲಿ) ಕಾಣುವ ಸ್ಟೇಟ್ ಆ ಕ್ಷಣದ ಚಿತ್ರ. ಅವೇಟ್ (ಉತ್ತರಕ್ಕೆ ಕಾಯುವುದು) ಮುಗಿಸಿ ಬರುವಷ್ಟರಲ್ಲಿ ಸ್ಟೇಟ್ ಬದಲಾಗಿದ್ದರೂ ನಿಮ್ಮ ಫಂಕ್ಷನ್ ಕೈಯಲ್ಲಿ ಹಳೆಯ ಚಿತ್ರವೇ ಇರುತ್ತದೆ. ಎಣಿಕೆಗೆ ಒಂದು ಕೂಡಿಸಬೇಕಾದರೆ ಕಂಡ ಬೆಲೆಗೆ ಕೂಡಿಸಿ ಕೊಡುವ ಬದಲು, ಹಿಂದಿನ ಬೆಲೆಯನ್ನು ಪಡೆದು ಹೊಸದನ್ನು ಕೊಡುವ ಫಂಕ್ಷನ್ನನ್ನೇ ಸ್ಟೇಟ್ ಬದಲಿಸುವ ಸೆಟ್ಟರ್‌ಗೆ ಒಪ್ಪಿಸಬೇಕು. ಇನ್ನೊಂದು, ಲೋಡಿಂಗ್, ದೋಷ, ಮಾಹಿತಿ ಎಂದು ಮೂರು ಪ್ರತ್ಯೇಕ ಸ್ಟೇಟ್ ಇಡುವ ರೂಢಿ. 2022ರ ಮಾರ್ಚ್‌ನಲ್ಲಿ ಬಂದ ರಿಯಾಕ್ಟ್ 18 ಅವೇಟ್ ನಂತರದ ಸೆಟ್ಟರ್‌ಗಳನ್ನೂ ಒಟ್ಟುಗೂಡಿಸಿ ಒಮ್ಮೆಯೇ ರೆಂಡರ್ ಮಾಡುತ್ತದೆ. ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪ್ರತಿಯೊಂದೂ ಬೇರೆ ರೆಂಡರ್. ಲೋಡಿಂಗನ್ನು ಮೊದಲು ಸುಳ್ಳಾಗಿಸಿ ಆಮೇಲೆ ಮಾಹಿತಿ ತುಂಬಿದ ಹಳೆಯ ಕೋಡ್, ಮಾಹಿತಿಯಿಲ್ಲದೆಯೂ ಲೋಡಿಂಗ್ ಮುಗಿದ ಆ ಒಂದು ರೆಂಡರ್‌ನಲ್ಲಿ ಮುರಿದುಬೀಳುವುದು ಇದೇ ಕಾರಣಕ್ಕೆ. ಸ್ಟೇಟ್‌ನ ಬದಲಾವಣೆಗಳನ್ನೆಲ್ಲ ಒಂದೇ ಫಂಕ್ಷನ್‌ಗೆ ಒಪ್ಪಿಸುವ ಯೂಸ್‌ರಿಡ್ಯೂಸರ್ ಇಲ್ಲಿ ನಿಜವಾಗಿಯೂ ಉಪಕಾರಿ. ‘ಕಾಯುತ್ತಿದೆ’, ‘ಬಂದಿದೆ’, ‘ಕೆಟ್ಟಿದೆ’ ಎಂಬ ಒಂದೇ ಸ್ಥಿತಿಯನ್ನು ಇಟ್ಟುಕೊಂಡರೆ ಅಸಂಬದ್ಧ ಜೋಡಣೆಗಳು ಹುಟ್ಟಲು ಎಡೆಯೇ ಇರುವುದಿಲ್ಲ. ಆದರೆ ಅದು ಸ್ಥಿತಿಯ ರೂಪವನ್ನಷ್ಟೇ ಸರಿಪಡಿಸುತ್ತದೆ, ಉತ್ತರಗಳ ಕ್ರಮವನ್ನಲ್ಲ. ಅದಕ್ಕೆ ಶುಚಿ ಫಂಕ್ಷನ್ ಬೇಕೇ ಬೇಕು.

ತಪ್ಪು ಹುಡುಕಿಕೊಡುವ ರಿಯಾಕ್ಟ್‌ನ ಸ್ಟ್ರಿಕ್ಟ್ ಮೋಡ್‌ನಲ್ಲಿ ಅಭಿವೃದ್ಧಿಯ ವೇಳೆ ಎಫೆಕ್ಟ್ ಎರಡು ಸಲ ಓಡುವುದನ್ನು ಕಂಡು ಆ ಮೋಡನ್ನೇ ತೆಗೆದುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶುಚಿ ಫಂಕ್ಷನ್ ಇಲ್ಲದಿರುವುದನ್ನು ನಿಮಗೆ ತೋರಿಸಿಕೊಡುವುದೇ ಆ ಎರಡನೆಯ ಓಟ.

ಕ್ಯಾಶ್ ಇರುವ ಲೈಬ್ರರಿಗಳು

ಟ್ಯಾನ್‌ಸ್ಟ್ಯಾಕ್ ಕ್ವೆರಿ (ಮೊದಲು ಇದರ ಹೆಸರು ರಿಯಾಕ್ಟ್ ಕ್ವೆರಿ ಎಂದಿತ್ತು) ಮತ್ತು ವರ್ಸೆಲ್‌ನವರ ಎಸ್‌ಡಬ್ಲ್ಯುಆರ್ ಎರಡೂ ಒಡೆತನದ ಪ್ರಶ್ನೆಯಿಂದಲೇ ಹೊರಡುತ್ತವೆ. ಸರ್ವರ್‌ನ ಮಾಹಿತಿಯನ್ನು ಕಾಂಪೊನೆಂಟ್‌ನ ಸ್ಟೇಟ್‌ನಲ್ಲಿ ಇಡದೆ, ಕೀಲಿಯಿಂದ ಗುರುತಿಸುವ ಕ್ಯಾಶ್‌ನಲ್ಲಿ (ತಂದ ನಕಲುಗಳ ಸಂಗ್ರಹದಲ್ಲಿ) ಇಡುತ್ತವೆ. ಕೀಲಿಯಲ್ಲಿ ‘ದರ’ ಮತ್ತು ‘ಕಡ್ಡಿ’ ಎರಡೂ ಇದ್ದರೆ ಕಡ್ಡಿಯ ಉತ್ತರ ಕಡ್ಡಿಯ ಗೂಡಿಗೆ, ಡಬ್ಬಿಯ ಉತ್ತರ ಎಷ್ಟೇ ತಡವಾಗಿ ಬಂದರೂ ಡಬ್ಬಿಯ ಗೂಡಿಗೆ ಹೋಗಿ ಬೀಳುತ್ತದೆ. ಅಂಗಡಿಯಲ್ಲಿ ಒಂದೊಂದು ಲಾಟಿಗೂ ಚೀಟಿ ಅಂಟಿಸಿದಂತೆ. ಯಾವುದು ಮೊದಲು ಬಂದಿತೆಂಬುದು ಆಮೇಲೆ ಮುಖ್ಯವಾಗುವುದೇ ಇಲ್ಲ. ಇದಕ್ಕೆ ಇರುವ ಒಂದೇ ಕರಾರು ಎಂದರೆ ಕೋರಿಕೆಯನ್ನು ಬದಲಿಸುವ ಪ್ರತಿಯೊಂದು ಅಂಶವೂ ಕೀಲಿಯಲ್ಲಿ ಇರಬೇಕು. ದಿನಾಂಕವನ್ನು ಬಿಟ್ಟರೆ ನಿನ್ನೆಯ ದರ ಇಂದಿನ ಗೂಡಿಗೆ ಬೀಳುತ್ತದೆ.

ಟ್ಯಾನ್‌ಸ್ಟ್ಯಾಕ್ ಕ್ವೆರಿಯ ಪೂರ್ವನಿಗದಿಗಳನ್ನು ತಿಳಿಯದೆ ಬಳಸಿದವರು ಆಮೇಲೆ ಬೇಸರಪಡುತ್ತಾರೆ. ಬಂದ ಮಾಹಿತಿ ಆ ಕ್ಷಣವೇ ಹಳತೆಂದು ಅದು ಎಣಿಸುತ್ತದೆ, ಏಕೆಂದರೆ ಸ್ಟೇಲ್‌ಟೈಮ್ ಸೊನ್ನೆ. ಬೇರೆ ಟ್ಯಾಬ್‌ಗೆ ಹೋಗಿ ಮರಳಿದರೆ ಮತ್ತೆ ಕೇಳುತ್ತದೆ. ಕೋರಿಕೆ ಸೋತರೆ ಅಂತರ ಹೆಚ್ಚಿಸುತ್ತ 3 ಸಲ ಮತ್ತೆ ಯತ್ನಿಸುತ್ತದೆ. ಯಾರೂ ಬಳಸದ ಗೂಡನ್ನು 5 ನಿಮಿಷದ ನಂತರ ಖಾಲಿ ಮಾಡುತ್ತದೆ. ಇವನ್ನು ನಿಮ್ಮ ಮಾಹಿತಿಯ ಸ್ವಭಾವಕ್ಕೆ ತಕ್ಕಂತೆ ತಿರುಗಿಸಬೇಕು. ಬ್ಯಾಡಗಿಯಲ್ಲಿ ಮಾರಾಟ ಜೋರಾಗಿ ನಡೆಯುವುದು ವಾರದ ಕೆಲವು ನಿಗದಿತ ದಿನಗಳಲ್ಲಿ. ಹಾಗಿರುವಾಗ ಬೇರೆ ದಿನ ಬೆಳಿಗ್ಗೆ ಪುಟವನ್ನು ಹತ್ತು ಸಲ ನೋಡಿದವರಿಗೆ ಹತ್ತು ಸಲವೂ ಸರ್ವರ್‌ನ ದಾರಿ ತೋರಿಸುವುದು ಅವರ ಡೇಟಾವನ್ನು ಹಾಳುಮಾಡಿದಂತೆ. ಸ್ಟೇಲ್‌ಟೈಮ್ ಅನ್ನು ಗಂಟೆಗಳಲ್ಲಿ ಇಟ್ಟರೂ ನಡೆಯುತ್ತದೆ. ಟೆಂಡರ್ ನಡೆಯುವ ದಿನ ಮಾತ್ರ ಅದು ನಿಮಿಷಗಳಿಗೆ ಇಳಿಯಬೇಕು. ಈ ಎರಡು ಅಂಕಿಗಳನ್ನು ನಿರ್ಧರಿಸಲು ಲೈಬ್ರರಿಯ ಕೈಪಿಡಿಗಿಂತ ಅಂಗಡಿಯವರ ಜೊತೆ ಆಡಿದ ಹತ್ತು ನಿಮಿಷದ ಮಾತು ನನಗೆ ಹೆಚ್ಚು ನೆರವಾಯಿತು.

ಸಿಗ್ನಲ್ ಇಲ್ಲದಾಗ ಇದರ ನಡೆ ನನಗೆ ಮೆಚ್ಚುಗೆಯಾದದ್ದು. ಫೋನು ಆಫ್‌ಲೈನ್ ಇದ್ದರೆ ಅದು ಕೋರಿಕೆಯನ್ನು ಸೋಲಿಸದೆ ತಡೆಹಿಡಿಯುತ್ತದೆ, ಸಂಪರ್ಕ ಮರಳಿದಾಗ ಮುಂದುವರಿಸುತ್ತದೆ. ಆದರೆ ಆ ‘ತಡೆದಿದೆ’ ಎಂಬ ಸ್ಥಿತಿಯನ್ನು ನೀವು ತೆರೆಯ ಮೇಲೆ ಹೇಳದಿದ್ದರೆ ಬಳಸುವವರಿಗೆ ಸುತ್ತುತ್ತಲೇ ಇರುವ ಚಕ್ರ ಮಾತ್ರ ಕಾಣುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ತಳಿ ಬದಲಾಯಿಸಿದಾಗ ತೆರೆ ಖಾಲಿಯಾಗಿ ಮಿಣುಕದಿರಲೆಂದು ಹಿಂದಿನ ಮಾಹಿತಿಯನ್ನೇ ತಾತ್ಕಾಲಿಕವಾಗಿ ತೋರಿಸುವ ಸೌಕರ್ಯ ಎರಡೂ ಲೈಬ್ರರಿಗಳಲ್ಲಿದೆ. ಸಿನಿಮಾ ಪಟ್ಟಿಗೆ ಅದು ಚೆಂದ. ದರಪಟ್ಟಿಯಲ್ಲಿ ಅದನ್ನು ಯೋಚಿಸದೆ ಹಾಕಿದರೆ ಕಡ್ಡಿಯ ಹೆಸರಿನ ಕೆಳಗೆ ಡಬ್ಬಿಯ ದರ ಮತ್ತೆ ಬಂದು ಕೂರುತ್ತದೆ, ಈ ಸಲ ನಮ್ಮದೇ ಅಪ್ಪಣೆಯ ಮೇಲೆ. ಹಾಕಲೇಬೇಕೆಂದರೆ ಅದು ತಾತ್ಕಾಲಿಕವೆಂಬ ಗುರುತನ್ನು ಲೈಬ್ರರಿ ಕೊಡುತ್ತದೆ; ಆ ಹೊತ್ತಿನಲ್ಲಿ ಅಂಕಿಯನ್ನು ಮಸುಕು ಮಾಡಿ.

ಎಸ್‌ಡಬ್ಲ್ಯುಆರ್ ಹೆಸರಿನ ಮೂಲ 2010ರ ಆರ್‌ಎಫ್‌ಸಿ 5861 ಎಂಬ ತಾಂತ್ರಿಕ ದಾಖಲೆಯಲ್ಲಿ ವಿವರಿಸಿದ ‘ಸ್ಟೇಲ್-ವೈಲ್-ರಿವ್ಯಾಲಿಡೇಟ್’ ಎಂಬ ಎಚ್‌ಟಿಟಿಪಿ ಪದ್ಧತಿ: ಹಳೆಯದನ್ನು ಕೂಡಲೇ ತೋರಿಸು, ಹಿಂದಿನಿಂದ ಹೊಸದನ್ನು ತರಿಸು. ಗಾತ್ರದಲ್ಲಿ ಇದು ಟ್ಯಾನ್‌ಸ್ಟ್ಯಾಕ್ ಕ್ವೆರಿಗಿಂತ ಚಿಕ್ಕದು, ಕಲಿಯಲು ಒಂದು ಮಧ್ಯಾಹ್ನ ಸಾಕು, ಮತ್ತು ಒಂದೇ ಕೀಲಿಯ ಕೋರಿಕೆಗಳನ್ನು 2 ಸೆಕೆಂಡಿನೊಳಗೆ ಒಂದಾಗಿಸುತ್ತದೆ. ಓದುವ ಪುಟಗಳೇ ಹೆಚ್ಚಾಗಿರುವ, ಬರೆಯುವ ಕೆಲಸ ಕಡಿಮೆಯಿರುವ ಜಾಲತಾಣಕ್ಕೆ ನಾನು ಇದನ್ನೇ ಹೇಳುತ್ತೇನೆ. ಮ್ಯುಟೇಶನ್‌ಗಳ (ಸರ್ವರ್‌ಗೆ ಬರೆಯುವ ಕೋರಿಕೆಗಳ) ಸರಪಳಿ, ಆಫ್‌ಲೈನ್ ನಿಭಾಯಿಸುವಿಕೆ, ವಿವರವಾದ ಡೆವ್‌ಟೂಲ್ಸ್ ಬೇಕಾದವರಿಗೆ ಟ್ಯಾನ್‌ಸ್ಟ್ಯಾಕ್ ಕ್ವೆರಿಯ ಹೆಚ್ಚಿನ ತೂಕ ಸಾರ್ಥಕ.

ರೆಡಕ್ಸ್ ಈಗಾಗಲೇ ಮನೆಯಲ್ಲಿದ್ದರೆ

ಹೊಸ ಕೆಲಸಕ್ಕೆ ಸರ್ವರ್ ಮಾಹಿತಿಯ ಸಲುವಾಗಿಯೇ ರೆಡಕ್ಸ್ ತರುವುದನ್ನು ನಾನು ಒಪ್ಪುವುದಿಲ್ಲ. ಆದರೆ ಹಳೆಯ ಪ್ರಾಜೆಕ್ಟ್‌ನಲ್ಲಿ ಅದು ಬೇರೂರಿದ್ದರೆ ಕಿತ್ತೆಸೆಯುವ ಅಗತ್ಯವೂ ಇಲ್ಲ. ರೆಡಕ್ಸ್ ಟೂಲ್‌ಕಿಟ್‌ನ ಕ್ರಿಯೇಟ್‌ಅಸಿಂಕ್‌ಥಂಕ್ ಪ್ರತಿ ಕೋರಿಕೆಗೂ ಮೊದಲು ಪೆಂಡಿಂಗ್, ಆಮೇಲೆ ಫುಲ್‌ಫಿಲ್ಡ್ ಇಲ್ಲವೇ ರಿಜೆಕ್ಟೆಡ್ ಎಂಬ ಆಕ್ಷನ್ (ಏನಾಯಿತೆಂದು ಹೇಳುವ ಸಂದೇಶ) ಕಳಿಸುತ್ತದೆ. ಇದನ್ನು ಕಂಡು ಕ್ರಮದ ತೊಂದರೆಯೂ ತೀರಿತೆಂದು ತಿಳಿಯಬಾರದು: ಹಳೆಯ ಕೋರಿಕೆಯ ಫುಲ್‌ಫಿಲ್ಡ್ ತಡವಾಗಿ ಬಂದರೆ ರಿಡ್ಯೂಸರ್ ಅದನ್ನೂ ಒಪ್ಪಿಕೊಳ್ಳುತ್ತದೆ. ಪೆಂಡಿಂಗ್ ವೇಳೆಯಲ್ಲಿ ರಿಕ್ವೆಸ್ಟ್‌ಐಡಿಯನ್ನು ಬರೆದಿಟ್ಟುಕೊಂಡು, ಉತ್ತರದ ಐಡಿ ಅದಕ್ಕೆ ಹೊಂದಿದರೆ ಮಾತ್ರ ಸ್ವೀಕರಿಸುವ ಸಾಲನ್ನು ನೀವೇ ಬರೆಯಬೇಕು. ಅದೇ ಟೂಲ್‌ಕಿಟ್‌ನೊಳಗಿರುವ ಆರ್‌ಟಿಕೆ ಕ್ವೆರಿ ಕೀಲಿ–ಕ್ಯಾಶ್ ಪದ್ಧತಿಯದು. ಬಳಕೆಯಿಲ್ಲದ ಮಾಹಿತಿಯನ್ನು 60 ಸೆಕೆಂಡು ಇಟ್ಟುಕೊಳ್ಳುತ್ತದೆ, ಟ್ಯಾಗ್‌ಗಳ ಮೂಲಕ ಯಾವುದು ಹಳತಾಯಿತೆಂದು ತಿಳಿಯುತ್ತದೆ. ರೆಡಕ್ಸ್ ಇರುವ ತಂಡ ಹೊಸ ಪುಟಗಳನ್ನು ಇದರಲ್ಲಿ ಬರೆಯುತ್ತ, ಹಳೆಯ ಥಂಕ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು ಕ್ಷೇಮ.

ರಿಯಾಕ್ಟ್ 19 ತಂದದ್ದು

2024ರ ಡಿಸೆಂಬರ್‌ನಲ್ಲಿ ಬಂದ ಈ ಆವೃತ್ತಿಯ ಯೂಸ್ ಎಂಬುದು ಪ್ರಾಮಿಸ್‌ ಅನ್ನು ನೇರವಾಗಿ ಓದುತ್ತದೆ. ಕಾಯುವ ಹೊತ್ತನ್ನು ಸಸ್ಪೆನ್ಸ್, ಸೋತ ಹೊತ್ತನ್ನು ಎರರ್ ಬೌಂಡರಿ ನೋಡಿಕೊಳ್ಳುತ್ತವೆ. ಕಾಂಪೊನೆಂಟ್ ಓದಲು ಬಹಳ ಸರಳವಾಗುತ್ತದೆ. ಆದರೆ ಬ್ರೌಸರ್‌ನಲ್ಲಿ ಓಡುವ ಕಾಂಪೊನೆಂಟ್‌ನ ರೆಂಡರ್ ಒಳಗೇ ಪ್ರಾಮಿಸ್ ಹುಟ್ಟಿಸಿದರೆ ಪ್ರತಿ ರೆಂಡರ್‌ಗೂ ಹೊಸದೊಂದು ಹುಟ್ಟುತ್ತದೆ. ಅದನ್ನು ಹೊರಗಿನ ಕ್ಯಾಶ್‌ನಿಂದಲೋ ಫ್ರೇಮ್‌ವರ್ಕ್‌ನಿಂದಲೋ ತರಬೇಕು. ಎಂದರೆ ಕ್ಯಾಶ್‌ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನೆಕ್ಸ್ಟ್‌ನಂಥ ಫ್ರೇಮ್‌ವರ್ಕ್ ಬಳಸುವವರು ಇದನ್ನು ಧೈರ್ಯದಿಂದ ಹಿಡಿಯಬಹುದು, ಇತರರು ಲೈಬ್ರರಿಯೊಂದಿಗೆ.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿ: ತುರ್ತಲ್ಲದ ಬದಲಾವಣೆಗೆ ಇರುವ ಸ್ಟಾರ್ಟ್‌ಟ್ರಾನ್ಸಿಶನ್ ಒಳಗೆ ಅಸಿಂಕ್ ಫಂಕ್ಷನ್ ಕೊಡಬಹುದಾದರೂ ಅವು ಕೊಟ್ಟ ಕ್ರಮದಲ್ಲಿಯೇ ಮುಗಿಯುತ್ತವೆ ಎಂಬ ಭರವಸೆಯಿಲ್ಲ. ಕ್ರಮ ಬೇಕಾದರೆ ಯೂಸ್‌ಆಕ್ಷನ್‌ಸ್ಟೇಟ್ ಬಳಸಬೇಕು, ಅದು ಒಂದು ಮುಗಿದ ಮೇಲೆ ಇನ್ನೊಂದನ್ನು ಓಡಿಸುತ್ತದೆ.

ರಿಯಾಕ್ಟ್ ಬದಲು ವ್ಯೂನಲ್ಲಿ ಬರೆಯುವವರಿಗೆ ವಾಚ್‌ನ ಕ್ಲೀನಪ್, ಲಿಟ್‌ನಲ್ಲಿ ವೆಬ್ ಕಾಂಪೊನೆಂಟ್ ಬರೆಯುವವರಿಗೆ ಟಾಸ್ಕ್, ಆಂಗ್ಯುಲರ್‌ನವರಿಗೆ ಆರ್‌ಎಕ್ಸ್‌ಜೆಎಸ್‌ನ ಸ್ವಿಚ್‌ಮ್ಯಾಪ್ ಇದೇ ಕೆಲಸಕ್ಕೆ ಇವೆ. ಸ್ವಿಚ್‌ಮ್ಯಾಪ್ ಹೊಸ ಕೋರಿಕೆ ಬಂದೊಡನೆ ಹಳೆಯದರ ಕೈಬಿಡುತ್ತದೆ.

ಕಳಿಸುವ ಕೆಲಸ ಬೇರೆ

ಇಲ್ಲಿಯವರೆಗೆ ಹೇಳಿದ್ದು ಓದುವುದರ ಬಗ್ಗೆ. ತೂಕವನ್ನೋ ಬಿಲ್ಲನ್ನೋ ಸರ್ವರ್‌ಗೆ ಬರೆಯುವಾಗ ಅಬಾರ್ಟ್ ಎಂದರೆ ರದ್ದು ಎಂದು ತಿಳಿಯಬಾರದು. ನಾವು ಕಾಯುವುದನ್ನು ನಿಲ್ಲಿಸಿದೆವು ಅಷ್ಟೇ, ಸರ್ವರ್ ಆಗಲೇ ಬರೆದುಕೊಂಡಿರಬಹುದು. ಟ್ಯಾನ್‌ಸ್ಟ್ಯಾಕ್ ಕ್ವೆರಿ ಸೋತ ಓದನ್ನು ಮತ್ತೆ ಯತ್ನಿಸಿದರೂ ಸೋತ ಬರಹವನ್ನು ತಾನಾಗಿ ಮತ್ತೆ ಕಳಿಸದಿರುವುದು ಈ ಕಾರಣಕ್ಕೆ ಸರಿಯಾದ ನಿಲುವು. ಪ್ರತಿ ಬಿಲ್ಲಿಗೂ ಬ್ರೌಸರ್‌ನಲ್ಲಿಯೇ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ ಜೊತೆಗೆ ಕಳಿಸಿ, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದಂತೆ ಮಾಡಿ. ಉತ್ತರ ಬರುವ ಮೊದಲೇ ಆಯಿತೆಂದು ತೋರಿಸುವ ಆಪ್ಟಿಮಿಸ್ಟಿಕ್ ಪದ್ಧತಿ (ರಿಯಾಕ್ಟ್ 19ರಲ್ಲಿ ಇದಕ್ಕೆ ಯೂಸ್‌ಆಪ್ಟಿಮಿಸ್ಟಿಕ್ ಇದೆ) ಮೆಚ್ಚಿನ ಗುರುತು ಹಾಕುವಂಥ ಕೆಲಸಕ್ಕೆ ಒಳ್ಳೆಯದು. ಹಣ ಮತ್ತು ತೂಕದ ವಿಷಯದಲ್ಲಿ ಬೇಡ. ಬರೆದಾಯಿತೆಂದು ಕಂಡ ಬಿಲ್ಲು ಎರಡು ಸೆಕೆಂಡಿನ ನಂತರ ಮಾಯವಾದರೆ ಆ ಗುಮಾಸ್ತರು ಆ ಪುಟವನ್ನು ಮತ್ತೆ ನಂಬುವುದಿಲ್ಲ.

ಯಾರಿಗೆ ಯಾವುದು

ಒಬ್ಬರೇ ಬರೆದು ಒಬ್ಬರೇ ನೋಡಿಕೊಳ್ಳುವ, ಒಂದೆರಡು ಕೋರಿಕೆಗಳ ಪುಟವಾದರೆ ಯೂಸ್‌ಎಫೆಕ್ಟ್, ಇಗ್ನೋರ್ ಗುರುತು, ಅಬಾರ್ಟ್ ಇಷ್ಟರಲ್ಲಿಯೇ ನಿಲ್ಲಿ. ಸ್ಥಿತಿಗಳು ಹೆಚ್ಚಾದರೆ ಯೂಸ್‌ರಿಡ್ಯೂಸರ್ ಸೇರಿಸಿ. ಅದೇ ಮಾಹಿತಿ ಮೂರನೆಯ ಕಾಂಪೊನೆಂಟ್‌ಗೆ ಬೇಕಾದ ದಿನ, ಅಥವಾ ನೀವೇ ಕ್ಯಾಶ್ ಬರೆಯಲು ಕೈಹಾಕಿದ ದಿನ, ಲೈಬ್ರರಿಗೆ ದಾಟಿ. ಹಳೆಯ ಫೋನುಗಳ ಓದುಗರೇ ಹೆಚ್ಚಿದ್ದರೆ ಎಸ್‌ಡಬ್ಲ್ಯುಆರ್, ಬರೆಯುವ ಕೆಲಸವೂ ಬಹಳವಿದ್ದರೆ ಟ್ಯಾನ್‌ಸ್ಟ್ಯಾಕ್ ಕ್ವೆರಿ, ರೆಡಕ್ಸ್ ಇದ್ದರೆ ಆರ್‌ಟಿಕೆ ಕ್ವೆರಿ. ಮೂರು ತಿಂಗಳಿಗೊಮ್ಮೆ ಜನ ಬದಲಾಗುವ ಕಚೇರಿಯಲ್ಲಿ ಕೈಯಾರೆ ಬರೆಯುವ ದಾರಿಯನ್ನು ನಾನು ಹೇಳುವುದಿಲ್ಲ, ಏಕೆಂದರೆ ಹೊಸಬರು ಸೇರಿಸುವ ಮೊದಲ ಎಫೆಕ್ಟ್‌ನಲ್ಲಿಯೇ ಶುಚಿ ಫಂಕ್ಷನ್ ಬಿಟ್ಟುಹೋಗುತ್ತದೆ.

ಯಾವುದನ್ನು ಆರಿಸಿದರೂ ಒಂದು ಪರೀಕ್ಷೆಯನ್ನು ಮಾಡಿ. ಅಭಿವೃದ್ಧಿಯ ಸರ್ವರ್‌ನಲ್ಲಿ ಡಬ್ಬಿಯ ಉತ್ತರವನ್ನು ಮಾತ್ರ 3 ಸೆಕೆಂಡು ತಡೆಯಿರಿ, ಕಡ್ಡಿಯದನ್ನು ಕೂಡಲೇ ಬಿಡಿ. ಡಬ್ಬಿ ಒತ್ತಿ, ಒಡನೆಯೇ ಕಡ್ಡಿ ಒತ್ತಿ, ಕೈ ತೆಗೆದು 3 ಸೆಕೆಂಡು ತೆರೆಯನ್ನೇ ನೋಡುತ್ತಿರಿ. ಆ ಅಡತಿ ಅಂಗಡಿಯ ಪುಟವನ್ನು ನಾನು ತಳಿ ಮತ್ತು ದಿನಾಂಕ ಎರಡೂ ಇರುವ ಕೀಲಿಯೊಂದಿಗೆ ಟ್ಯಾನ್‌ಸ್ಟ್ಯಾಕ್ ಕ್ವೆರಿಯಲ್ಲಿ ಮತ್ತೆ ಬರೆದೆ. ಜೊತೆಗೆ ದರದ ಮೇಲಿನ ತಳಿಯ ಹೆಸರನ್ನು ಆರಿಸಿದ ಪಟ್ಟಿಯಿಂದ ತೆಗೆದುಕೊಳ್ಳದೆ, ಸರ್ವರ್‌ನ ಉತ್ತರದಲ್ಲಿ ದರದೊಂದಿಗೆ ಬಂದ ಹೆಸರನ್ನೇ ಬರೆಯುವಂತೆ ಮಾಡಿದೆ. ಈಗ ಅಂಕಿ ಮತ್ತು ಹೆಸರು ಒಂದೇ ಉತ್ತರದಿಂದ ಬರುತ್ತವೆ. ಗುಮಾಸ್ತರು ಫೋನಿನಲ್ಲಿ ದರ ಹೇಳುವ ಮೊದಲು ಓದುವುದು ಆ ಹೆಸರನ್ನು.